ತೋಟಾ ಒಳಗೆ ಕೂತ್ರೆ ಆಯ್ತಾ? ಅಜ್ಜನ ಕೋವಿಗೆ ಈಡು ಹುಡುಕೋ ಮುಂಚೆ

ಪ್ರಶ್ನೆ: ಸರ್, ನಮ್ಮಜ್ಜ ತೀರಿಕೊಂಡ ಮೇಲೆ ಅವರ ಹೆಸರಲ್ಲಿದ್ದ ಎರಡು ಆಯುಧ ಲೈಸೆನ್ಸ್ ಸಮೇತ ಈಗ ನನ್ನ ಹೆಸರಿಗೆ ಆಗಿದೆ. ಒಂದು ಜೋಡುನಳಿಗೆ ಕೋವಿ, ಬಡಿಯೋ ಕುದುರೆ (ಹ್ಯಾಮರ್) ಎರಡೂ ಹೊರಗಡೆನೇ ಕಿವಿ ಥರ ನಿಂತಿರುತ್ತೆ, ನಳಿಗೆ ಮೇಲೆಲ್ಲಾ ಹಾವಿನ ಪೊರೆ ಥರ ಸುರುಳಿ ಗೆರೆ. ಇನ್ನೊಂದು ಮಧ್ಯಕ್ಕೆ ಮುರಿದು ತೆಗೆಯೋ ಹಳೇ ಬ್ರಿಟಿಷ್ ರಿವಾಲ್ವರ್, ಆರು ಮನೆ, ಅದರ ಸಿಲಿಂಡರ್ ಹಿಂದಿನ ಅಂಚಲ್ಲಿರೋ ನಂಬರಿನ ಅರ್ಧ ಮಾತ್ರ ಕಾಣುತ್ತೆ, ಇನ್ನರ್ಧ ಇಲ್ಲ. ಜೊತೆಗೆ ಒಂದು ತಗಡಿನ ಡಬ್ಬಿ, ಅದರಲ್ಲಿ 23 ತೋಟಾ, ಹಸಿರು ಕಿಲುಬು ಹಿಡಿದಿದೆ. ಚಿಕ್ಕಪ್ಪನ ಮಗ ಈಗಿನ 12 ಬೋರ್ ತೋಟಾ ಹಾಕಿ ನೋಡಿದ, ಸಲೀಸಾಗಿ ಕೂತು ಕೋವಿ ಮುಚ್ಚಿಕೊಳ್ತು. ರಿವಾಲ್ವರ್‌ಗೆ ಪಿಸ್ತೂಲಿನ 45 ತೋಟಾ ಕ್ಲಿಪ್ ಸಮೇತ ಹಾಕಿದ್ರೆ ಆಗುತ್ತೆ ಅಂತ ಇನ್ನೊಬ್ರು ಅಂದ್ರು. ಡಬ್ಬಿಯಲ್ಲಿರೋದನ್ನೇ ಹೊಡೀಬಹುದಾ? ಇಲ್ಲಾಂದ್ರೆ ಹೊಸ ತೋಟಾ ಎಲ್ಲಿ ಸಿಗುತ್ತೆ? ಅಜ್ಜನ ನೆನಪಿಗೆ ರೇಂಜ್‌ನಲ್ಲಿ ಒಂದೇ ಒಂದು ಸಲ ಹೊಡೀಬೇಕು ಅನ್ನೋದಷ್ಟೇ ಆಸೆ.

ಉತ್ತರ: ಮೊದಲು ಒಂದು ಮಾತು, ಈ ಉತ್ತರ ಓದಿ ಮುಗಿಸೋವರೆಗೂ ಆ ಎರಡಕ್ಕೂ ಏನನ್ನೂ ತುಂಬಬೇಡಿ, ನಿಮ್ಮ ಚಿಕ್ಕಪ್ಪನ ಮಗನಿಗೂ ಹೇಳಿ. ನೀವು ಕೇಳಿರೋದು ತೋಟಾ ಎಲ್ಲಿ ಸಿಗುತ್ತೆ ಅಂತ, ಆದ್ರೆ ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ಮೊದಲು ನಿಂತಿದ್ದು ಆ ಅರ್ಧ ನಂಬರಿನ ಮೇಲೆ. ಅದಕ್ಕೆ ಆಮೇಲೆ ಬರ್ತೀನಿ.

ಮೂವತ್ತು ವರ್ಷದಿಂದ ಹಳೇ ಕೋವಿ ಬಿಚ್ಚಿ ಜೋಡಿಸ್ತಾ ಇದೀನಿ, ನನ್ನ ಟೇಬಲ್ ಮುಂದೆ ಜನ ಜಾಸ್ತಿ ಹೇಳೋ ಮಾತು ಒಂದೇ, "ಸರ್ ತೋಟಾ ಕೂರುತ್ತೆ, ಮತ್ತೇನು ತೊಂದರೆ?" ಕೂರೋದು ಬೇರೆ, ಹೊಂದೋದು ಬೇರೆ. ಬೀಗದ ಕೈ ಬೀಗದೊಳಗೆ ಹೋಯ್ತು ಅಂದ ಮಾತ್ರಕ್ಕೆ ಅದು ಆ ಬೀಗದ್ದೇ ಕೈ ಅಂತ ಆಗಲ್ಲ ಅಲ್ವಾ, ಬೀಗದಲ್ಲಾದ್ರೆ ತೆರೆಯಲ್ಲ ಅಷ್ಟೇ, ಇಲ್ಲಿ ತಪ್ಪಿದ್ರೆ ಎಡಗೈ ಹೋಗುತ್ತೆ, ಯಾಕಂದ್ರೆ ಜೋಡುನಳಿಗೆ ಹಿಡಿಯೋವಾಗ ಎಡಗೈ ಇರೋದು ಸರಿಯಾಗಿ ನಳಿಗೆ ಒಡೆಯೋ ಜಾಗದ ಕೆಳಗೆ.

ಜೋಡುನಳಿಗೆಯದ್ದು ಮೊದಲು ನೋಡೋಣ. ಶಾಟ್‌ಗನ್ ತೋಟಾ ಮೇಲೆ 70 ಮಿಮೀ ಅಂತ ಬರೆದಿದ್ರೆ ಅದು ಹೊಡೆಯೋಕೆ ಮುಂಚಿನ ಉದ್ದ ಅಲ್ಲ, ಹೊಡೆದಾದ ಮೇಲೆ ಬಾಯಿ ಬಿಚ್ಚಿಕೊಂಡ ಖಾಲಿ ತೋಟಾದ ಉದ್ದ. ಹೊಡೆಯೋ ಮುಂಚೆ ಅದರ ಬಾಯಿ ನಕ್ಷತ್ರದ ಥರ ಒಳಗೆ ಮಡಚಿರುತ್ತಲ್ಲ, ಹಾಗಾಗಿ ಒಂದು ಸೆಂಟಿಮೀಟರ್‌ಗೂ ಹೆಚ್ಚು ಗಿಡ್ಡ ಇರುತ್ತೆ. ಹತ್ತೊಂಬತ್ತನೇ ಶತಮಾನದ ಕೊನೆಯ ಬ್ರಿಟಿಷ್ 12 ಬೋರ್ ಕೋವಿಗಳಿಗೆ ಸಾಮಾನ್ಯವಾಗಿ ಎರಡೂವರೆ ಇಂಚು, ವ್ಯಾಪಾರದ ಲೆಕ್ಕದಲ್ಲಿ 65 ಮಿಮೀ ಚೇಂಬರ್ (ನಳಿಗೆ ಹಿಂಬದಿಯಲ್ಲಿ ತೋಟಾ ಕೂರೋ ಗೂಡು) ಇರ್ತಿತ್ತು, ಎರಡಿಂಚಿನವೂ ಇದ್ವು. ಅದರೊಳಗೆ ಈಗಿನ 70 ಮಿಮೀ ತೋಟಾ ಹಾಕಿದ್ರೆ ಬೆಣ್ಣೆ ಥರ ಕೂರುತ್ತೆ, ಕೋವಿ ಟಕ್ ಅಂತ ಮುಚ್ಚುತ್ತೆ, ಎಲ್ಲಾ ಸರಿ ಅನ್ಸುತ್ತೆ. ಹೊಡೆದಾಗ ಆ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಬೇಕು, ಚೇಂಬರ್ ಅಲ್ಲಿಗೆ ಮುಗಿದು ನಳಿಗೆ ಕಿರಿದಾಗೋಕೆ ಶುರುವಾಗಿರುತ್ತೆ, ಬಿಚ್ಚಿದ ಬಾಯಿ ಹೋಗಿ ಆ ಕಿರಿದಾದ ಜಾಗದಲ್ಲೇ ಸಿಕ್ಕಿಕೊಂಡು ಚರೆ, ಅದರ ಹಿಂದಿನ ಬಿರಡೆ (ವಾಡ್) ಎಲ್ಲಾ ಅದರ ಮೂಲಕ ತೂರಿಕೊಂಡು ಹೋಗಬೇಕು, ಒಳಗಿನ ಒತ್ತಡ ಏರುತ್ತೆ. ಅದೂ ಆ ತೋಟಾ ಮೊದಲೇ ಹೊಸ ಕೋವಿಯ ಒತ್ತಡಕ್ಕೆ ಅಂತ ತುಂಬಿದ್ದು. ನಿಮ್ಮ ಚಿಕ್ಕಪ್ಪನ ಮಗ ಮಾಡಿದ ಪರೀಕ್ಷೆಯಿಂದ ಗೊತ್ತಾಗಿದ್ದು ಕೋವಿ 12 ಬೋರ್ ಇರಬಹುದು ಅನ್ನೋದು ಮಾತ್ರ, ಅದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ.

ಬೋರ್ ಅನ್ನೋ ಲೆಕ್ಕನೂ ಕೆಲವರಿಗೆ ಗೊತ್ತಿರಲ್ಲ, ಒಂದು ಪೌಂಡ್ ಸೀಸದಿಂದ ಸರಿಸಮ 12 ಗುಂಡು ಮಾಡಿದ್ರೆ ಒಂದೊಂದು ಗುಂಡಿನ ಅಗಲ ಎಷ್ಟೋ ಅದು 12 ಬೋರ್, 0.729 ಇಂಚು. ಇಪ್ಪತ್ತು ಮಾಡಿದ್ರೆ ಗುಂಡು ಸಣ್ಣದಾಗುತ್ತೆ, ಅದಕ್ಕೇ 20 ಬೋರ್ ಅನ್ನೋದು 12ಕ್ಕಿಂತ ಕಿರಿದು. ಇದನ್ನ ಯಾಕೆ ಹೇಳಿದೆ ಅಂದ್ರೆ, ಒಂದು 20 ಬೋರ್ ತೋಟಾ 12ರ ನಳಿಗೆಗೆ ಬಿದ್ರೆ ಚೇಂಬರ್ ದಾಟಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ, ಹಿಂದಿನಿಂದ ನೋಡಿದ್ರೆ ನಳಿಗೆ ಖಾಲಿ ಅನ್ಸುತ್ತೆ, ಇನ್ನೊಂದು 12ರ ತೋಟಾ ಹಾಕಿ ಕುದುರೆ ಬೀಳಿಸಿದ್ರೆ ಮುಗೀತು. ನನ್ನ ಹತ್ರ ಒಂದು ಸಲ ಅಂಥ ನಳಿಗೆ ಬಂದಿತ್ತು, ಚೇಂಬರ್ ಮುಂದೆ ಒಂದು ಗೇಣು ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಿಚ್ಚಿಕೊಂಡಿತ್ತು, ತಂದವರ ಕೈಗೆ ಬ್ಯಾಂಡೇಜ್ ಇತ್ತು, ನಾನು ಏನೂ ಕೇಳಲಿಲ್ಲ. ಈಗಿನ 20 ಬೋರ್ ತೋಟಾಗಳನ್ನ ಹಳದಿ ಬಣ್ಣದಲ್ಲಿ ಮಾಡೋದು ಈ ಕಾರಣಕ್ಕೇ. ಅಜ್ಜನ ಡಬ್ಬಿಯಲ್ಲಿ ಬೇರೆ ಬೇರೆ ಸೈಜಿನ ತೋಟಾ ಕಲಸಿದೆಯಾ ನೋಡಿ, ಹಳೇ ಡಬ್ಬಿಗಳಲ್ಲಿ ಹಾಗಿರೋದೇ ಜಾಸ್ತಿ.

ಈಗ ಆ ಹಾವಿನ ಪೊರೆ ಗೆರೆ. ಅದನ್ನ ಡಮಾಸ್ಕಸ್ ನಳಿಗೆ ಅಂತಾರೆ, ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನ ಹೆಣೆದು, ತಿರುಚಿ, ಕಂಬಿ ಸುತ್ತ ಸುತ್ತಿ ಕಾಯಿಸಿ ಬಡಿದು ಒಂದು ಮಾಡಿರೋದು. ಇದರ ಬಗ್ಗೆ ಎರಡು ಕಥೆ ಓಡಾಡ್ತಾ ಇದೆ, ಎರಡೂ ಪೂರ್ತಿ ನಿಜ ಅಲ್ಲ. ಒಂದು, ಡಮಾಸ್ಕಸ್ ಅಂದ್ರೆ ಹೊಡೆದ ತಕ್ಷಣ ಸುರುಳಿ ಬಿಚ್ಚಿಕೊಳ್ಳುತ್ತೆ, ಗೋಡೆಗೆ ನೇತು ಹಾಕೋಕೆ ಮಾತ್ರ ಲಾಯಕ್ಕು ಅಂತ. ಹಾಗೇನಿಲ್ಲ, 1890ರ ಆಸುಪಾಸು ಬರ್ಮಿಂಗ್‌ಹ್ಯಾಂ ಪ್ರೂಫ್ ಹೌಸ್‌ನಲ್ಲಿ (ಮಾಮೂಲಿಗಿಂತ ಜೋರು ಈಡು ಹೊಡೆದು ಕೋವಿ ಪರೀಕ್ಷಿಸಿ ಮುದ್ರೆ ಒತ್ತೋ ಜಾಗ) ಬೇರೆ ಬೇರೆ ಥರದ ನಳಿಗೆಗಳನ್ನ ಒಡೆಯೋವರೆಗೂ ಪರೀಕ್ಷೆ ಮಾಡಿದಾಗ ಚೆನ್ನಾಗಿ ಮಾಡಿದ ಸುರುಳಿ ನಳಿಗೆಗಳು ಉಕ್ಕಿನ ನಳಿಗೆಗಳ ಸಮಕ್ಕೆ ನಿಂತ್ವು, ಆಮೇಲೆ ಹೊಗೆ ಇಲ್ಲದ ಹೊಸ ಮದ್ದಿಗೂ ಪ್ರೂಫ್ ಆದ ಡಮಾಸ್ಕಸ್ ಕೋವಿಗಳು ಬೇಕಾದಷ್ಟಿವೆ. ಇನ್ನೊಂದು ಕಥೆ, "ಹಳೇ ಕಾಲದ ಮಾಲು, ಗಟ್ಟಿ, ಏನೂ ಆಗಲ್ಲ" ಅಂತ. ಇದು ಮೊದಲನೇದಕ್ಕಿಂತ ಅಪಾಯ. ಹೊಸದಾಗಿದ್ದಾಗ ಗಟ್ಟಿ ಇತ್ತು ನಿಜ, ಆದ್ರೆ ನೂರು ವರ್ಷ ಯಾರ್ಯಾರೋ ಉಜ್ಜಿ, ಒಳಗೆ ತುಕ್ಕಿನ ಗುಳಿ ಬಿದ್ದು, ಆ ಗುಳಿ ಕಾಣಬಾರದು ಅಂತ ಯಾರೋ ಒಳಗಿನಿಂದ ಕೆರೆದು ಪಾಲಿಶ್ ಮಾಡಿ, ಗೋಡೆ ತೆಳ್ಳಗಾಗಿರುತ್ತೆ. ಕರಿ ಮದ್ದಿನ ಮಸಿ ತೇವ ಎಳ್ಕೊಂಡು ಪಟ್ಟಿ ಬೆಸೆದ ಸಂದಿಯಲ್ಲೇ ತಿನ್ನುತ್ತೆ, ಹೊರಗಡೆಯಿಂದ ನೋಡಿದ್ರೆ ಚಂದದ ಚಿತ್ತಾರ, ಅಷ್ಟೇ ಕಾಣೋದು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ನಳಿಗೆ ಬಿಚ್ಚಿ ಕೆಳಭಾಗ ನೋಡೋದು. ನಳಿಗೆ ಕೆಳಗಿನ ಮರದ ಹಿಡಿ ತೆಗೆದು ನಳಿಗೆ ಕಳಚಿ ಚೇಂಬರ್ ಕೆಳಗೆ ಚಪ್ಪಟೆ ಜಾಗ ಇರುತ್ತಲ್ಲ, ಅಲ್ಲಿ ಕಿರೀಟ, ಅಕ್ಷರ, ಅಂಕಿ ಹೊಡೆದಿರ್ತಾರೆ, ಅದೇ ಪ್ರೂಫ್ ಮುದ್ರೆ, ಕೋವಿಯ ಜಾತಕ ಅನ್ನಬಹುದು. ಲಂಡನ್, ಬರ್ಮಿಂಗ್‌ಹ್ಯಾಂ, ಬೆಲ್ಜಿಯಂನ ಲಿಯೇಜ್, ಒಂದೊಂದು ಊರಿನ ಮುದ್ರೆ ಒಂದೊಂದು ಥರ. ಕಿರೀಟದ ಕೆಳಗೆ ಎನ್‌ಪಿ ಅಂತ ಇದ್ರೆ, ಅಥವಾ ನೈಟ್ರೋ ಪ್ರೂಫ್ ಅಂತ ಬಿಡಿಸಿ ಬರೆದಿದ್ರೆ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ. ನಾಟ್ ಫಾರ್ ಬಾಲ್ ಅಂತ ಇದ್ರೆ ಬಾಯಿ ಹತ್ರ ನಳಿಗೆ ಕಿರಿದಾಗೋ ಚೋಕ್ ಇದೆ, ಒಂಟಿ ಗುಂಡು ಹಾಕಬೇಡ ಅಂತ ಅರ್ಥ. 12 ಅಂತ ಇದ್ರೆ ಪ್ರೂಫ್ ಮಾಡಿದ ದಿನ ಬೋರ್ 0.729 ಇತ್ತು, 13 ಗೆರೆ 1 ಅಂತ ಇದ್ರೆ 0.719 ಇತ್ತು, ಹಿಂಬದಿಯಿಂದ ಒಂಬತ್ತು ಇಂಚು ಒಳಗೆ ಅಳೆದದ್ದು. ಈಗ ಅದೇ ಜಾಗದಲ್ಲಿ ಗೇಜ್ ಹಾಕಿ ಅಳೆದಾಗ ಆ ಅಳತೆಗಿಂತ ಹತ್ತು ಥೌ, ಅಂದ್ರೆ ಇಂಚಿನ ನೂರನೇ ಒಂದು ಭಾಗ ದೊಡ್ಡದಾಗಿದ್ರೆ, ಆ ಕೋವಿ ಪ್ರೂಫ್‌ನಿಂದ ಹೊರಗೆ ಬಿದ್ದಿದೆ ಅಂತಲೇ ಲೆಕ್ಕ, ಮುದ್ರೆ ಎಷ್ಟೇ ಸ್ಪಷ್ಟ ಇದ್ರೂ ಅದಕ್ಕೆ ಬೆಲೆ ಇಲ್ಲ.

ಮದ್ದಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಹಳೇ ತೋಟಾ ಯಾಕೆ ಸಿಗಲ್ಲ ಅನ್ನೋದಕ್ಕೂ ಅಲ್ಲೇ ಉತ್ತರ ಇದೆ. ನೂರಾರು ವರ್ಷ ಇದ್ದಿದ್ದು ಕರಿ ಮದ್ದು ಒಂದೇ, ಪೆಟ್ಲುಪ್ಪು, ಇದ್ದಿಲು, ಗಂಧಕ. 1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೇಲ್ ಹೊಗೆ ಇಲ್ಲದ ಮದ್ದು ಕಂಡುಹಿಡಿದ, 1886ರಲ್ಲಿ ಫ್ರೆಂಚರು 8 ಮಿಮೀ ಲೆಬೆಲ್ ರೈಫಲ್ ತಂದ್ರು, ಅಷ್ಟೇ, ಯುರೋಪಿನ ಎಲ್ಲಾ ಸೈನ್ಯದ ಬಂದೂಕೂ ಒಂದೇ ಏಟಿಗೆ ಹಳೇದಾಯ್ತು. ಬ್ರಿಟಿಷರ .303 ಇಂಚಿನ ರೈಫಲ್ ತೋಟಾ ಕೂಡ 1888ರಲ್ಲಿ ಶುರುವಾಗಿದ್ದು ಕರಿ ಮದ್ದಿನಲ್ಲೇ, ಆಮೇಲೆ ಕಾರ್ಡೈಟ್ ಅನ್ನೋ ಹೊಗೆ ಇಲ್ಲದ ಮದ್ದಿಗೆ ಹೋಯ್ತು. ಅಲ್ಲಿವರೆಗೂ 11 ಮಿಮೀ ದಪ್ಪ ದಪ್ಪ ಗುಂಡು ಹೊಡೀತಿದ್ದ ಜರ್ಮನ್ ಮೌಸರ್, ಫ್ರೆಂಚ್ ಗ್ರಾಸ್, ಬ್ರಿಟಿಷರ ಮಾರ್ಟಿನಿ-ಹೆನ್ರಿ ಇವೆಲ್ಲಾ ಗೋಡೌನ್ ಸೇರಿದ್ವು, ಸೈನ್ಯ ಕೊಳ್ಳೋದು ನಿಲ್ಸಿದ ಮೇಲೆ ಕಾರ್ಖಾನೆ ಯಾಕೆ ಆ ಅಚ್ಚು ಓಡಿಸುತ್ತೆ. ಕೆಲವು ಕ್ಯಾಲಿಬರ್, ಅಂದ್ರೆ ಗುಂಡಿನ ಅಳತೆ, ಸತ್ತಿದ್ದು ಸರ್ಕಾರದ ಆಜ್ಞೆಯಿಂದ, 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಭಾರತಕ್ಕೂ ಸುಡಾನ್‌ಗೂ .450 ತೋಟಾ ತರೋದನ್ನ ನಿಲ್ಲಿಸಿದ್ರು, ದಂಗೆಕೋರರ ಕೈಗೆ ಸಿಕ್ಕಿದ್ದ ಮಾರ್ಟಿನಿ ಬಂದೂಕುಗಳಿಗೆ ಆ ಗುಂಡು ಹೋಗಬಾರದು ಅಂತ. ಆನೆ, ಹುಲಿ ಬೇಟೆಗೆ .450 ಮಾಡ್ತಿದ್ದ ಕಂಪನಿಗಳು ಸುಮ್ನಿರ್ತಾರಾ, .465, .470, .475 ಅಂತ ಕೂದಲೆಳೆ ಅಂತರದಲ್ಲಿ ಹೊಸ ಕ್ಯಾಲಿಬರ್‌ಗಳ ಸಾಲೇ ಹುಟ್ಟಿಸಿದ್ರು. ಇವತ್ತು ಹಳೇ ರೈಫಲ್ ಇಟ್ಕೊಂಡವರು ತಲೆ ಕೆರ್ಕೊಳ್ಳೋದರಲ್ಲಿ ಅರ್ಧ ಪಾಲು ಆ ಆಜ್ಞೆಯದ್ದು.

ಕರಿ ಮದ್ದಿಗೂ ಹೊಗೆ ಇಲ್ಲದ ಮದ್ದಿಗೂ ವ್ಯತ್ಯಾಸ ಹೊಗೆಯಲ್ಲಿ ಮಾತ್ರ ಅಲ್ಲ. ಒತ್ತಡ ಏರಿದ ಹಾಗೆ ಹೊಗೆ ಇಲ್ಲದ ಮದ್ದು ಇನ್ನೂ ಜೋರಾಗಿ ಉರಿಯುತ್ತೆ, ಅದು ಇನ್ನೂ ಒತ್ತಡ ಏರಿಸುತ್ತೆ, ಕರಿ ಮದ್ದು ಹಾಗೆ ಹುಚ್ಚು ಹಿಡಿಯೋದು ಕಮ್ಮಿ. ಹಳೇ ತೋಟಾ ತುಂಬೋ ಅಳತೆ ಬಟ್ಟಲಲ್ಲಿ ಹೊಸ ಮದ್ದು ಅಳೆದು ಹಾಕಿ ಕೋವಿ ಚೂರು ಮಾಡ್ಕೊಂಡವರ ಕಥೆ ಈ ಕಸುಬಿನಲ್ಲಿ ಪ್ರತಿ ತಲೆಮಾರಿಗೂ ಒಂದಿರುತ್ತೆ. ನಿಮ್ಮ ಕೋವಿಗೆ ನೈಟ್ರೋ ಮುದ್ರೆ ಇಲ್ಲ ಅಂದ್ರೆ ಅದು ಕರಿ ಮದ್ದಿನ ಕೋವಿ, ಅಲ್ಲಿಗೆ ಮಾತು ಮುಗೀತು, "ಸ್ವಲ್ಪ ಕಮ್ಮಿ ಹಾಕಿದ್ರೆ ನಡೆಯುತ್ತೆ" ಅಂತ ಯಾರಾದ್ರೂ ಅಂದ್ರೆ ಅವರನ್ನೇ ಮೊದಲು ಹೊಡೆಯೋಕೆ ಹೇಳಿ, ಒಪ್ಪಲ್ಲ.

ಈಗ ರಿವಾಲ್ವರ್. ಮಧ್ಯಕ್ಕೆ ಮುರಿಯೋ, ಆರು ಮನೆಯ, ದಪ್ಪ ಬೋರಿನ ಬ್ರಿಟಿಷ್ ರಿವಾಲ್ವರ್ ಅಂದ್ರೆ ವೆಬ್ಲಿ .455 ಇರೋ ಸಾಧ್ಯತೆ ಜಾಸ್ತಿ, 1887ರಿಂದ ಬ್ರಿಟಿಷ್ ಸೈನ್ಯದಲ್ಲಿತ್ತು, ಆರನೇ ಮಾದರಿ ಬಂದಿದ್ದು 1915ರಲ್ಲಿ. ಎರಡನೇ ಮಹಾಯುದ್ಧ ಆದ ಮೇಲೆ ಇವು ರಾಶಿ ರಾಶಿ ಅಮೆರಿಕಕ್ಕೆ ಮಾರಾಟ ಆದ್ವು, ಅಲ್ಲಿ .455 ತೋಟಾ ಸಿಗ್ತಿರ್ಲಿಲ್ಲ, .45 ಆಟೋ ಅಂದ್ರೆ ಸೈನ್ಯದ ಪಿಸ್ತೂಲಿನ ತೋಟಾ ಬೀದಿಗೊಂದು ಸಿಗ್ತಿತ್ತು. ವ್ಯಾಪಾರಿಗಳು ಏನು ಮಾಡಿದ್ರು ಅಂದ್ರೆ ಸಿಲಿಂಡರ್‌ನ ಹಿಂಭಾಗನೇ ಲೇತ್‌ಗೆ ಕೊಟ್ಟು ತುರಿದುಬಿಟ್ರು, ಅರ್ಧಚಂದ್ರದ ಕ್ಲಿಪ್‌ನಲ್ಲಿ .45 ಆಟೋ ಸಿಕ್ಕಿಸಿದ್ರೆ ಕೂರೋ ಹಾಗೆ. ಹಾಗೆ ತುರಿಯೋವಾಗ ಹಿಂದಿನ ಅಂಚಲ್ಲಿದ್ದ ನಂಬರೂ ಅರ್ಧ ಹೋಗ್ತಿತ್ತು. ನೀವು ಬರೆದಿರೋ ಆ ಅರ್ಧ ನಂಬರು ಅದೇ ಅಂತ ನನ್ನ ಅನುಮಾನ, ಕೈಯಲ್ಲಿ ಹಿಡಿದು ನೋಡದೆ ಖಂಡಿತ ಅನ್ನಲ್ಲ, ಆದ್ರೆ ಇಂಥ ಲಕ್ಷಣ ಬೇರೆ ಕಾರಣಕ್ಕೆ ಬರೋದು ಅಪರೂಪ. ಈ ರಿವಾಲ್ವರ್‌ಗಳು ಬಹಳ ಕೈ ದಾಟಿ ಬಂದಿರುತ್ತವೆ, ಆಗಿನವರು ಮಾಡಿಸಿದ ಕೆಲಸ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರಲ್ಲ.

ಅಂದ್ರೆ ನಿಮಗೆ ಯಾರೋ ಹೇಳಿದ ಕ್ಲಿಪ್ ಉಪಾಯ ಸುಳ್ಳಲ್ಲ, ಕೂರುತ್ತೆ, ಕೂರಲಿ ಅಂತಲೇ ತುರಿದಿರೋದು. ಆದ್ರೆ .45 ಆಟೋಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 21,000 ಪೌಂಡ್, ವೆಬ್ಲಿ ಮಾಡಿದ್ದು ಅದಕ್ಕಿಂತ ತುಂಬಾ ಮೆತ್ತಗಿನ ಈಡಿಗೆ. ಕಾರ್ಖಾನೆಯ .45 ಆಟೋ ಹಾಕೋದು ಅಂದ್ರೆ ಹೆಚ್ಚು ಕಡಿಮೆ ಪ್ರತಿ ಸಲವೂ ಆ ರಿವಾಲ್ವರ್‌ನ ಪ್ರೂಫ್ ಪರೀಕ್ಷೆ ಮಾಡಿದ ಹಾಗೆ. ಪ್ರೂಫ್ ಪರೀಕ್ಷೆಯನ್ನ ಜೀವಮಾನದಲ್ಲಿ ಒಂದು ಸಲ ಮಾಡ್ತಾರೆ, ಅದೂ ಕೈಯಲ್ಲಿ ಹಿಡ್ಕೊಂಡಲ್ಲ. ಮೊದಲನೇದಕ್ಕೆ ಏನೂ ಆಗದೆ ಇರಬಹುದು, ಐವತ್ತನೇದಕ್ಕೂ ಆಗದೆ ಇರಬಹುದು, ಅದೇ ಮೋಸ, ಸಿಲಿಂಡರ್ ಬಿರುಕು ಬಿಡೋದು ನಿಧಾನಕ್ಕೆ, ಒಡೆಯೋದು ಒಂದೇ ಸಲ. ಹಾಗಂತ ಈಗ ಸರಿಯಾದ .455 ತಂದು ಹಾಕಿದ್ರೂ ತುರಿದ ಸಿಲಿಂಡರ್‌ನಲ್ಲಿ ತೋಟಾ ಹಿಂದೆ ಮುಂದೆ ಆಡುತ್ತೆ, ಬುಡಕ್ಕೆ ಹೊಡೆಯೋ ಪಿನ್ ಸರಿಯಾಗಿ ತಾಗಲ್ಲ. ಇಂಥದ್ದಕ್ಕೆ ಅಂಚು ದಪ್ಪ ಇರೋ .45 ಆಟೋ ರಿಮ್ ಕೇಸ್‌ನಲ್ಲಿ (ತೋಟಾದ ಹಿತ್ತಾಳೆ ಕೊಳವೆ) ಕಮ್ಮಿ ಒತ್ತಡದ ಈಡನ್ನ ಅದರದ್ದೇ ಅನುಭವ ಇರೋರು ತುಂಬಿ ಕೊಡ್ತಾರೆ, ಅದೊಂದೇ ಮರ್ಯಾದೆಯ ದಾರಿ, ಅದೂ ಸಿಲಿಂಡರ್ ಬಿರುಕಿಗೆ ಪರೀಕ್ಷೆ ಆದ ಮೇಲೆ.

ಹೆಸರಿನ ಮೋಸದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ, ಜನ ಕೋವಿ ಮೇಲೆ ಒಂದು ಅಂಕಿ ನೋಡಿ ಅಂಗಡಿಗೆ ಓಡ್ತಾರೆ. .38 ಅನ್ನೋ ತೋಟಾದ ಗುಂಡು ನಿಜವಾಗ್ಲೂ .357 ಇಂಚು, .44 ಅನ್ನೋದು .429. ಯಾಕಂದ್ರೆ ಹಳೇ ಕಾಲದಲ್ಲಿ ಗುಂಡಿನ ಹೊರಮೈ ಕೇಸ್‌ನ ಹೊರಮೈಗೆ ಸಮ ಇರ್ತಿತ್ತು, ಗುಂಡಿನ ಬುಡ ಮಾತ್ರ ಸಣ್ಣ ಮಾಡಿ ಕೇಸ್ ಒಳಗೆ ತೂರಿಸ್ತಿದ್ರು, ಆಮೇಲೆ ಪೂರ್ತಿ ಗುಂಡನ್ನೇ ಕೇಸ್ ಒಳಗಿಡೋಕೆ ಶುರು ಮಾಡಿದಾಗ ಗುಂಡು ಸಣ್ಣದಾಯ್ತು, ಹೆಸರು ಹಾಗೇ ಉಳೀತು. ಈಗಲೂ .22 ತೋಟಾ ಕೈಯಲ್ಲಿ ಹಿಡಿದು ನೋಡಿ, ಗುಂಡೂ ಕೇಸೂ ಒಂದೇ ಮಟ್ಟ, ಅದೊಂದು ಹಳೇ ಪದ್ಧತಿಯಲ್ಲೇ ಉಳ್ಕೊಂಡಿದೆ. .38 ಸ್ಮಿತ್ ಅಂಡ್ ವೆಸನ್ ಬೇರೆ, .38 ಸ್ಪೆಷಲ್ ಬೇರೆ, ಒಂದು ಗಿಡ್ಡ ದಪ್ಪ, ಇನ್ನೊಂದು ಉದ್ದ ಸಪೂರ. ಜರ್ಮನರ 8 ಮಿಮೀ ಮೌಸರ್ ಇನ್ನೂ ಕೆಟ್ಟದ್ದು, 1888ರದ್ದಕ್ಕೆ .318 ಇಂಚಿನ ಗುಂಡು, 1905ರ ನಂತರದ್ದಕ್ಕೆ .323, ಕೇಸ್ ಒಂದೇ ಥರ, ಹೊಸದು ಹಳೇದರಲ್ಲಿ ಕೂರುತ್ತೆ, ದಪ್ಪ ಗುಂಡು ಸಪೂರ ನಳಿಗೆಯಲ್ಲಿ ಹಿಂಡಿಕೊಂಡು ಹೋಗಬೇಕು. ಇಲ್ಲೂ ನೋಡಿ, ಕೂರುತ್ತೆ.

ಹಾಗಾದ್ರೆ ನಿಜವಾದ ಅಳತೆ ಹೇಗೆ ಗೊತ್ತಾಗೋದು? ಚೇಂಬರ್ ಅಚ್ಚು ತೆಗೆಸಿ. ಸೆರೋಸೇಫ್ ಅಂತ ಒಂದು ಮಿಶ್ರಲೋಹ ಇದೆ, ಬಿಸ್ಮತ್ ಹಾಕಿದ್ದು, ನೀರು ಕುದಿಯೋ ಶಾಖಕ್ಕೂ ಮುಂಚೆನೇ ಕರಗುತ್ತೆ. ನಳಿಗೆಗೆ ಮುಂದೆ ಬಟ್ಟೆ ಬಿರಡೆ ಕೊಟ್ಟು ಚೇಂಬರ್‌ಗೆ ಹೊಯ್ದು, ಗಟ್ಟಿಯಾದ ಮೇಲೆ ಮೆಲ್ಲಗೆ ತಳ್ಳಿದ್ರೆ ಚೇಂಬರ್‌ನದ್ದೇ ಪಡಿಯಚ್ಚು ಹೊಳೀತಾ ಕೈಗೆ ಬರುತ್ತೆ, ಒಳಗೆ ಎಲ್ಲಿ ಗುಳಿ ಇದೆಯೋ ಅದೂ ಅಚ್ಚಿನ ಮೇಲೆ ಮೊಡವೆ ಥರ ಎದ್ದಿರುತ್ತೆ. ಇದರ ಒಂದು ಚಮತ್ಕಾರ ಏನಂದ್ರೆ ಮೊದಲ ಅರ್ಧ ಗಂಟೆ ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಸುಲಭವಾಗಿ ಹೊರಗೆ ಬರುತ್ತೆ, ಆಮೇಲೆ ಹಿಗ್ಗೋಕೆ ಶುರುವಾಗಿ ಸುಮಾರು ಒಂದು ಗಂಟೆಗೆ ಸರಿಯಾಗಿ ಚೇಂಬರ್‌ನ ಅಳತೆಗೇ ಬಂದು ನಿಲ್ಲುತ್ತೆ, ಆಗ ಮೈಕ್ರೋಮೀಟರ್ ಹಿಡೀಬೇಕು. ಅವಸರಕ್ಕೆ ಮುಂಚೆ ಅಳೆದ್ರೆ ತಪ್ಪು, ಮಾರನೇ ದಿನ ಅಳೆದ್ರೂ ತಪ್ಪು. ಸೀಸ, ಕ್ಯಾಡ್ಮಿಯಂ ಎಲ್ಲಾ ಇರೋ ಲೋಹ ಅದು, ಅಡುಗೆಮನೆಯಲ್ಲಿ ಮಾಡೋ ಪ್ರಯೋಗ ಅಲ್ಲ, ಲೈಸೆನ್ಸ್ ಇರೋ ರಿಪೇರಿಯವರ ಹತ್ರನೇ ಮಾಡಿಸಿ. ಜೊತೆಗೆ ಮೆತ್ತನೆ ಸೀಸದ ಗುಂಡೊಂದನ್ನ ನಳಿಗೆಯಲ್ಲಿ ತಳ್ಳಿ ಬೋರ್ ಅಳತೆನೂ ತೆಗೆಸಿ, ಗೋಡೆ ದಪ್ಪನೂ ಅಳೆಸಿ. ಈ ಕಾಗದ ಕೈಗೆ ಬಂದ ಮೇಲೆ ತೋಟಾ ಹುಡುಕೋ ಮಾತು.

ಡಬ್ಬಿಯ 23 ತೋಟಾ ಹೊಡೀಬೇಡಿ. ಒಂದನ್ನೂ ಬೇಡ, ಟೆಸ್ಟಿಗೆ ಅಂತನೂ ಬೇಡ. ಹಳೇ ಮದ್ದು ಸತ್ತಿರುತ್ತೆ, ಹೆಚ್ಚಂದ್ರೆ ಠುಸ್ ಅನ್ನುತ್ತೆ ಅಷ್ಟೇ ಅಂತ ಜನ ಅಂದ್ಕೊಳ್ತಾರೆ, ಆ ಠುಸ್ ಅನ್ನೋದೇ ಭಯ, ಗುಂಡು ನಳಿಗೆ ಮಧ್ಯಕ್ಕೆ ಹೋಗಿ ನಿಂತಿರುತ್ತೆ, ನೀವು ಇನ್ನೊಂದು ಹೊಡೀತೀರಿ. ಇಲ್ಲಾ ಕುದುರೆ ಬಿದ್ದು ಸದ್ದೇ ಬರಲ್ಲ, ಏನಾಯ್ತು ಅಂತ ತೆಗೆದು ನೋಡೋವಾಗ ಕೆಲವು ಸೆಕೆಂಡ್ ತಡವಾಗಿ ಹಾರುತ್ತೆ. ಹಳೇ ಕೇಪಿನಲ್ಲಿ, ಅಂದ್ರೆ ತೋಟಾ ಬುಡದಲ್ಲಿ ಕಿಡಿ ಕೊಡೋ ಪುಟ್ಟ ಬಿಲ್ಲೆಯಲ್ಲಿ, ಪಾದರಸ ಇರ್ತಿತ್ತು, ಅದು ಹಿತ್ತಾಳೆಯನ್ನ ಬಿಸ್ಕತ್ತಿನ ಥರ ಪುಡಿ ಮಾಡುತ್ತೆ. ಅದು ಹೋಗಿ ಪೊಟ್ಯಾಸಿಯಂ ಕ್ಲೋರೇಟ್ ಬಳಸಿದ ಕೇಪಿನಲ್ಲಿ ಹೊಡೆದ ಮೇಲೆ ಉಳಿಯೋದು ಒಂಥರಾ ಉಪ್ಪು, ರಾತ್ರಿ ಕಳೆಯೋದರಲ್ಲಿ ನಳಿಗೆ ಒಳಗೆ ಕೆಂಪು ತುಕ್ಕು. ಹಿತ್ತಾಳೆನೂ ನಂಬೋ ಹಾಗಿಲ್ಲ, ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಮಳೆಗಾಲಕ್ಕೆ ಕುದುರೆ ಲಾಯದಲ್ಲಿಟ್ಟ ತೋಟಾಗಳು ತಮ್ಮಷ್ಟಕ್ಕೇ ಸೀಳು ಬಿಡ್ತಿದ್ವು, ಯಾಕಂತ ತಿಳಿದಿದ್ದು 1921ರಲ್ಲಿ, ಕುದುರೆ ಗಂಜಲದ ಅಮೋನಿಯಾ ಹಿತ್ತಾಳೆಯ ಒಳಗಿನ ಬಿಗಿತದ ಜೊತೆ ಸೇರಿ ಮಾಡ್ತಿದ್ದ ಕೆಲಸ ಅದು. ನಿಮ್ಮ ಡಬ್ಬಿ ಎಲ್ಲಿತ್ತೋ, ಯಾವ ಕೊಟ್ಟಿಗೆ ಅಟ್ಟದಲ್ಲಿತ್ತೋ.

ಹಾಗಂತ ಬಿಸಾಕಬೇಡಿ. ಉಜ್ಜಬೇಡಿ, ಗುಂಡು ಕಿತ್ತು ನೋಡಬೇಡಿ, ಎಣ್ಣೆಯಲ್ಲಿ ನೆನೆಸಿದ್ರೆ ಸಾಯುತ್ತೆ ಅನ್ನೋದನ್ನ ನಂಬಬೇಡಿ, ಕಸದ ಬುಟ್ಟಿ ಅಥವಾ ಬೆಂಕಿ ಅಂತೂ ಬೇಡವೇ ಬೇಡ. ಬುಡದ ಮೇಲೆ ಏನು ಅಕ್ಷರ ಇದೆ ಅಂತ ಫೋಟೋ ತೆಗೆದು ಇಟ್ಕೊಳ್ಳಿ, ಅಜ್ಜ ಯಾವ ತೋಟಾ ಬಳಸ್ತಿದ್ರು ಅನ್ನೋ ಸುಳಿವು ಅಲ್ಲಿದೆ, ಕೆಲವು ಮುದ್ರೆಗಳಿಗೆ ಸಂಗ್ರಹಕಾರರಲ್ಲಿ ಒಳ್ಳೇ ಬೆಲೆನೂ ಇದೆ, ಹೊಡೆದು ಹಾಳು ಮಾಡೋದಕ್ಕಿಂತ ಜಾಸ್ತಿ. ಬೇಡ ಅಂದ್ರೆ ಲೈಸೆನ್ಸ್ ಕೊಟ್ಟ ಕಚೇರಿಗೆ ಅಥವಾ ಪೊಲೀಸರಿಗೆ ಮೊದಲು ಫೋನ್ ಮಾಡಿ, ಅವರು ಹೇಳಿದ ಹಾಗೆ ಒಪ್ಪಿಸಿ.

ಈಗ ನಿಮ್ಮ ಮೂಲ ಪ್ರಶ್ನೆ. ಜೋಡುನಳಿಗೆಗೆ, ಪ್ರೂಫ್ ಒಳಗಿದ್ದು ನೈಟ್ರೋ ಮುದ್ರೆನೂ ಇದ್ರೆ, ಈಲಿ, ಗೇಮ್‌ಬೋರ್ ಥರದ ಬ್ರಿಟಿಷ್ ಕಂಪನಿಗಳು 65 ಮಿಮೀ ತೋಟಾ ಈಗಲೂ ಮಾಡ್ತಾರೆ, ಹಳೇ ಕೋವಿ ಇರೋರಿಗೆ ಅಂತಲೇ. ಸೀಸದ ಚರೆದ್ದೇ ತಗೊಳ್ಳಿ, ಉಕ್ಕಿನ ಚರೆ ಹಳೇ ನಳಿಗೆಗೆ ಆಗಲ್ಲ, ಮೆತ್ತಗಿನ ಚೋಕನ್ನ ಗೀರಿ ಉಬ್ಬಿಸಿಬಿಡುತ್ತೆ. ನೈಟ್ರೋ ಮುದ್ರೆ ಇಲ್ಲದೆ ಗೋಡೆ ಮಾತ್ರ ಚೆನ್ನಾಗಿದ್ರೆ ಕರಿ ಮದ್ದಿನ ತೋಟಾ, ಅದನ್ನ ತುಂಬಿ ಕೊಡೋರು ಕಮ್ಮಿ, ಹೊಡೆದ ದಿನವೇ ಸೋಪಿನ ಬಿಸಿನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಗೋಡೆ ತೆಳ್ಳಗಿದ್ರೆ ಹಳೇ ಬುಡ ಉಳಿಸಿ ಹೊಸ ಉಕ್ಕಿನ ನಳಿಗೆ ಕೂರಿಸೋ ಸ್ಲೀವಿಂಗ್ ಕೆಲಸ ಇದೆ, ಆಮೇಲೆ ಮತ್ತೆ ಪ್ರೂಫ್ ಆಗಬೇಕು, ಖರ್ಚಿನ ಕೆಲಸ, ಹಾವಿನ ಪೊರೆನೂ ಹೋಗುತ್ತೆ, ನನ್ನ ಕೇಳಿದ್ರೆ ನೆನಪಿಗೆ ಇಟ್ಕೊಂಡ ಕೋವಿಗೆ ಅದನ್ನ ಮಾಡಿಸಲ್ಲ. ಚೇಂಬರ್ ಕೊರೆದು 70 ಮಾಡಿಸಿ ಅನ್ನೋರೂ ಸಿಗ್ತಾರೆ, ಕೊರೆಯೋದು ಸರಿಯಾಗಿ ನಳಿಗೆಗೆ ದಪ್ಪ ಬೇಕಾದ ಜಾಗದಲ್ಲೇ, ಬೇಡ.

ಸತ್ತ ಕ್ಯಾಲಿಬರ್ ಅಂತ ಹೇಳೋವೆಲ್ಲಾ ಪೂರ್ತಿ ಸತ್ತಿರಲ್ಲ ಅನ್ನೋದೂ ನಿಜ. ಇಟಲಿಯ ಫಿಯೋಕಿ .455 ವೆಬ್ಲಿ ಮಾಡಿದೆ, ಸರ್ಬಿಯಾದ ಪ್ರ್ವಿ ಪಾರ್ಟಿಜಾನ್ 8 ಮಿಮೀ ಲೆಬೆಲ್, 7.62 ನಾಗಾಂತ್ ಮಾಡುತ್ತೆ, ಬೇಟೆ ರೈಫಲ್‌ನ ದೊಡ್ಡ ತೋಟಾಗಳು ಕೈನಾಕ್ ಹೆಸರಲ್ಲೇ ಇಂಗ್ಲೆಂಡಿನಲ್ಲಿ ಮತ್ತೆ ಬರ್ತಿವೆ, ಬರೀ ಹಿತ್ತಾಳೆ ಕೇಸ್ ಬೇಕಂದ್ರೆ ಆಸ್ಟ್ರೇಲಿಯಾದ ಬರ್ಟ್ರಂ ಇದೆ. ಇವೆಲ್ಲಾ ವರ್ಷಕ್ಕೊಂದು ಸಲ ಒಂದು ಕಂತು ಮಾಡಿ ನಿಲ್ಲಿಸೋ ಮಾಲು, ಇವತ್ತಿದ್ದು ನಾಳೆ ಇರಲ್ಲ. ಮಾರ್ಟಿನಿಗೆ 24 ಬೋರ್ ಹಿತ್ತಾಳೆ ಶಾಟ್‌ಗನ್ ಕೇಸ್ ಎಳೆದು ತೋಟಾ ಮಾಡ್ಕೊಳ್ಳೋರೂ ಇದ್ದಾರೆ, ಅದು ವರ್ಷಗಟ್ಲೆ ಕಲಿತವರ ಕೆಲಸ, ಒಂದು ಸಲ ಹೊಡೆಯೋ ಆಸೆಗೆ ಅಲ್ಲ. ನಿಜಕ್ಕೂ ದಾರಿ ಮುಚ್ಚಿರೋದು ಎರಡಕ್ಕೆ, ಪಕ್ಕದಿಂದ ಮೊಳೆ ಥರ ಪಿನ್ ಹೊರಗೆ ಚಾಚಿರೋ ಲೆಫೋಶೋ ಮಾದರಿಯ ಪಿನ್‌ಫೈರ್, ಮತ್ತೆ .44 ಹೆನ್ರಿ ಥರದ ದೊಡ್ಡ ರಿಮ್‌ಫೈರ್, ಇದರಲ್ಲಿ ಕಿಡಿ ಕೊಡೋ ಕೇಪಿನ ಮದ್ದು ಬುಡದ ಅಂಚಿನ ಮಡಿಕೆಯಲ್ಲೇ ಇರೋದ್ರಿಂದ ಒಮ್ಮೆ ಹೊಡೆದ ಕೇಸ್ ಮತ್ತೆ ತುಂಬೋಕಾಗಲ್ಲ.

ಕಾನೂನಿನದ್ದು ಒಂದು ಸೂಕ್ಷ್ಮ ಇದೆ. ಕೋವಿ ಲೈಸೆನ್ಸ್‌ನಲ್ಲಿದೆ ಅಂದ್ರೆ ಯಾವ ತೋಟಾ ಬೇಕಾದ್ರೂ ಇಟ್ಕೋಬಹುದು ಅಂತಲ್ಲ, ಲೈಸೆನ್ಸ್‌ನಲ್ಲಿ ಯಾವ ಬೋರ್ ಬರೆದಿದೆಯೋ ಅದೇ. ತುರಿದ ವೆಬ್ಲಿಗೆ .455 ಅಂತ ಬರೆದಿದ್ದು ನೀವು .45 ತಂದ್ರೆ ಅದು ಬೇರೆ ಪ್ರಶ್ನೆ ಆಗುತ್ತೆ, ಕೊಳ್ಳೋ ಮುಂಚೆ ಲೈಸೆನ್ಸ್ ಕೊಟ್ಟವರನ್ನ ಬರವಣಿಗೆಯಲ್ಲಿ ಕೇಳಿ. "ಆಂಟಿಕ್, ಕಾನೂನು ಅನ್ವಯ ಆಗಲ್ಲ" ಅನ್ನೋ ಮಾತನ್ನೂ ದೇಶ ನೋಡಿ ನಂಬಬೇಕು. ಬ್ರಿಟನ್‌ನಲ್ಲಿ ಒಂದು ಹಳೇ ಆಯುಧಕ್ಕೆ ವಿನಾಯ್ತಿ ಸಿಗೋದೇ ಅದರ ತೋಟಾ ಸಿಗಲ್ಲ ಅನ್ನೋ ಕಾರಣಕ್ಕೆ, ಅದಕ್ಕೊಂದು ಪಟ್ಟಿ ಇದೆ, 2021ರಲ್ಲಿ ಆ ಪಟ್ಟಿಯಿಂದ 7 ತೋಟಾಗಳನ್ನ ತೆಗೆದುಹಾಕಿದ್ರು, ಅಪರಾಧಿಗಳು ಅವಕ್ಕೆ ತೋಟಾ ಹೊಂದಿಸ್ಕೊಂಡು ಬಳಸ್ತಿದ್ರು ಅಂತ. ಅಮೆರಿಕದಲ್ಲಿ 1898ರ ಒಳಗೆ ಮಾಡಿದ್ದಾ ಅನ್ನೋದು ಗೆರೆ. ಅಲ್ಲಿನವರ ಸಲಹೆ ಓದಿ ನೀವಿರೋ ಕಡೆ ಅದೇ ಅಂದ್ಕೊಂಡ್ರೆ ಕಷ್ಟ.

ನನ್ನ ಅಭಿಪ್ರಾಯ ಕೇಳಿದ್ರೆ, ರಿವಾಲ್ವರ್ ತುರಿದದ್ದೇ ಅಂತ ಗೊತ್ತಾದ್ರೆ ಅದನ್ನ ಬಿಡಿ, ಅಜ್ಜನ ನೆನಪಿಗೆ ಹೊಡೆಯೋಕೆ ಜೋಡುನಳಿಗೆ ಸಾಕು, ಅದೂ ಅಳತೆ ಸರಿ ಬಂದ್ರೆ. ಮೊದಲನೇ ಈಡು ಭುಜಕ್ಕಿಟ್ಟು ಬೇಡ, ರಿಪೇರಿಯವರ ಹತ್ರ ಕೋವಿಯನ್ನ ಚೌಕಟ್ಟಿಗೆ ಕಟ್ಟಿ ದೂರದಿಂದ ದಾರ ಎಳೆದು ಹೊಡೆಯೋ ವ್ಯವಸ್ಥೆ ಇರುತ್ತೆ, ಎರಡು ನಳಿಗೆಗೂ ಹಾಗೆ ಮಾಡಿಸಿ, ಆಮೇಲೆ ಮತ್ತೆ ಅಳೆಸಿ. ಎಷ್ಟೋ ಜನ ಈ ಹಂತಕ್ಕೆ ಬಂದು, ಅಚ್ಚಿನ ಮೇಲೆ ಎದ್ದಿರೋ ಗುಳಿ ಬೆರಳಲ್ಲಿ ಸವರಿ ನೋಡಿ, ಬೇಡ ಸರ್ ಗೋಡೆಗೇ ಇರಲಿ ಅಂತ ವಾಪಸ್ ತಗೊಂಡು ಹೋಗಿದ್ದಾರೆ, ಅದರಲ್ಲಿ ಏನೂ ಅವಮಾನ ಇಲ್ಲ.

ನಳಿಗೆ ಕೆಳಗಿನ ಮುದ್ರೆಗಳದ್ದು, ಸಿಲಿಂಡರ್ ಹಿಂಭಾಗದ್ದು, ತೋಟಾ ಬುಡದ್ದು, ಈ ಮೂರು ಫೋಟೋ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆದು ಕಳಿಸಿ, ಲೈಸೆನ್ಸ್ ನಂಬರ್ ಕಾಣೋದು ಬೇಡ. ಅಲ್ಲಿವರೆಗೆ ನಿಮ್ಮ ಚಿಕ್ಕಪ್ಪನ ಮಗ ತಂದಿದ್ದ 70 ಮಿಮೀ ತೋಟಾಗಳನ್ನ ಕೋವಿ ಇರೋ ಬೀರುವಿನಲ್ಲಿ ಇಡಬೇಡಿ, ಅವರಿಗೇ ವಾಪಸ್ ಕೊಡಿ.